ಚಹಾ–ಬಿಸ್ಕತ್ತಿನ ಬೆಳಗು, ದೂರ ಸರಿದ ಗಂಜಿ

ಮಳೆಗಾಲದ ಬೆಳಗಿನ ಏಳು ಗಂಟೆಗೆ ಘಟ್ಟದ ಯಾವುದೇ ಬಸ್ ನಿಲುಗಡೆಯಲ್ಲಿ ನಿಂತು ನೋಡಿದರೂ ಕಾಣುವ ದೃಶ್ಯ ಬಹುತೇಕ ಒಂದೇ. ಕಾಲುಹಾದಿ ಸವೆಸಿ, ಸಂಕ ದಾಟಿ, ಕಾಲಿಗೆ ಹತ್ತಿದ ಉಂಬಳವನ್ನು ಕಿತ್ತೆಸೆದು ಬಂದ ಮಕ್ಕಳು ಕೊಡೆಯಡಿಯಲ್ಲಿ ಮುದುಡಿ ನಿಂತಿರುತ್ತಾರೆ. ಬೆನ್ನಮೇಲೆ ಪುಸ್ತಕದ ಭಾರ. ಹೊಟ್ಟೆಯಲ್ಲಿ ಒಂದು ಲೋಟ ಸಕ್ಕರೆ ಚಹಾ ಮತ್ತು ಅದರಲ್ಲಿ ಅದ್ದಿ ತಿಂದ ಎರಡು ಬಿಸ್ಕತ್ತು. ಕಾಲೇಜಿಗೆ ಹೋಗುವವರಲ್ಲಿ ಎಷ್ಟೋ ಮಂದಿ ಬಸ್ಸು ತಪ್ಪೀತೆಂಬ ಆತಂಕದಲ್ಲಿ ಅದನ್ನೂ ಬಿಟ್ಟು ಬಂದಿರುತ್ತಾರೆ. ಹಿಂದಿನ ರಾತ್ರಿ ಎಂಟೂವರೆಗೆ ಉಂಡ ಮಗುವಿನ ತಟ್ಟೆಗೆ ಮತ್ತೆ ಅನ್ನ ಬೀಳುವುದು ಮಧ್ಯಾಹ್ನ ಒಂದೂವರೆಗೆ ಎಂದಾದರೆ ನಡುವೆ ಹದಿನೇಳು ಗಂಟೆಗಳ ಅಂತರ. ಈ ಹದಿನೇಳು ಗಂಟೆಗಳಲ್ಲಿಯೇ ಗುಡ್ಡ ಹತ್ತುವುದು, ಇಳಿಯುವುದು, ಲೆಕ್ಕ, ವಿಜ್ಞಾನ, ಇಂಗ್ಲಿಷು ಎಲ್ಲವೂ ಮುಗಿಯಬೇಕು.

ಈ ಮಕ್ಕಳು ಹಸಿದಿದ್ದಾರೆಂದು ಹೇಳಿದರೆ ಮನೆಯವರೇ ಒಪ್ಪಲಿಕ್ಕಿಲ್ಲ. ಅಕ್ಕಿ ಎಲ್ಲರ ಮನೆಯಲ್ಲಿಯೂ ಇದೆ. ಹಸಿವು ಎಂಬುದು ಅಜ್ಜಂದಿರ ಕಾಲಕ್ಕೆ ಮುಗಿದ ಸಂಗತಿ ಎಂಬ ಭಾವನೆ ಇದೆ. ಆದರೆ 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ ಬಗ್ಗೆ ಹೇಳಿದ ಮಾತು ಬೇರೆಯೇ ಆಗಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ರಕ್ತಹೀನತೆ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆಲ್ಲ ಬೆಳಗಿನ ಬಿಸ್ಕತ್ತೇ ಕಾರಣವೆಂದು ಹೇಳುವುದು ಮೂರ್ಖತನ. ಜಂತುಹುಳು, ಎಳೆಯ ವಯಸ್ಸಿನ ಮದುವೆ, ನೀರು, ಕೂಲಿ ದರ ಎಲ್ಲವೂ ಇದರ ಹಿಂದಿವೆ. ಆದರೂ ದಿನದ ಮೂರು ಊಟಗಳಲ್ಲಿ ಒಂದನ್ನು ಪೊಟ್ಟಣಕ್ಕೆ ಒಪ್ಪಿಸಿದ ಮೇಲೆ ಉಳಿದೆರಡು ಊಟಗಳಿಂದ ಆ ಕೊರತೆಯನ್ನು ತುಂಬಿಸುವುದು ಸುಲಭವಲ್ಲ.

ಮಲೆನಾಡಿಗೆ ತನ್ನದೇ ಆದ ಬೆಳಗಿನ ಆಹಾರವಿತ್ತು. ಅದು ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ತೋಟದ ಒಡೆಯರ ಮನೆಯಲ್ಲಿ ತೆಳ್ಳೇವು, ದೋಸೆ, ಕೊಟ್ಟೆ ಕಡುಬು ಬೇಯುತ್ತಿದ್ದಾಗ ಅದೇ ತೋಟದಲ್ಲಿ ದುಡಿಯುವವರ ಮನೆಯಲ್ಲಿ ತಂಗಳನ್ನದ ನೀರು, ಇಲ್ಲವೇ ತಿಳಿಗಂಜಿ. ಬರಗಾಲದ ತಿಂಗಳುಗಳಲ್ಲಿ ಬಗನೆ ಮರದ ತಿರುಳನ್ನು ಕುಟ್ಟಿ ಹಿಟ್ಟು ತೆಗೆದು ಅಂಬಲಿ ಕಾಯಿಸಿದ ನೆನಪು ಹಿರಿಯ ತಲೆಮಾರಿನವರಲ್ಲಿ ಇನ್ನೂ ಇದೆ. ಆ ಬಡತನವನ್ನು 'ಸಾಂಪ್ರದಾಯಿಕ ಆಹಾರ ಪದ್ಧತಿ' ಎಂದು ಹಾಡಿ ಹೊಗಳುವುದರಲ್ಲಿ ಒಂದು ಬಗೆಯ ಕ್ರೌರ್ಯವಿದೆ. ಗಂಜಿ ಕುಡಿಯುವ ಮನೆ ಎಂದು ಕರೆಸಿಕೊಂಡ ಅವಮಾನ ಇನ್ನೂ ಮರೆಯದ ಕುಟುಂಬವೊಂದು, ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಮಗುವಿನ ಕೈಗೆ ಬಿಸ್ಕತ್ತು ಕೊಟ್ಟರೆ ಅದರ ಹಿಂದಿರುವುದು ಅಜ್ಞಾನವಷ್ಟೇ ಅಲ್ಲ, ಮಾನದ ಪ್ರಶ್ನೆಯೂ ಹೌದು. ಪರಿಸರದ ಕಾಳಜಿಯಿರುವವರು ಹಳ್ಳಿಗೆ ಹೋಗಿ ಗಂಜಿಯ ಮಹಿಮೆ ಹೇಳುವ ಮೊದಲು ಇದನ್ನು ಅರಿತಿರಬೇಕು.

ಹಾಗಿದ್ದರೂ ಆ ಗಂಜಿಯಲ್ಲಿ ಏನಿತ್ತು, ಅದರಿಂದ ಏನು ಹೋಯಿತು ಎಂಬುದನ್ನು ವಿಚಾರಿಸಲೇಬೇಕು. ಹೋದದ್ದರಲ್ಲಿ ಮೊದಲನೆಯದು ಅಕ್ಕಿಯ ತೌಡು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಶ್ಚಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದಾಗ, ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನಷ್ಟೇ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನೂ, ತೌಡು ಉಳಿದ ಅಕ್ಕಿ ಹಾಕಿದೊಡನೆ ಅವು ಚೇತರಿಸಿಕೊಳ್ಳುವುದನ್ನೂ ಕಂಡ. ಈ ಶೋಧಕ್ಕಾಗಿ ಅವನಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಲಯದಲ್ಲಿ ಕಂಡುಬಂದ ಇನ್ನೊಂದು ಸಂಗತಿ ಕರಾವಳಿ–ಮಲೆನಾಡಿನವರಿಗೆ ಹೆಚ್ಚು ಹತ್ತಿರದ್ದು. ಅಲ್ಲಿ ಬಿಳಿ ಅಕ್ಕಿ ತಿನ್ನುತ್ತಿದ್ದ ಕೂಲಿಗಳಲ್ಲಿ ಬೆರಿಬೆರಿ ವ್ಯಾಪಕವಾಗಿದ್ದಾಗ, ಕುಚ್ಚಲಕ್ಕಿ ತಿನ್ನುತ್ತಿದ್ದ ಭಾರತೀಯ ಕೂಲಿಗಳು ಬಹುಮಟ್ಟಿಗೆ ಪಾರಾಗಿದ್ದರು. ಭತ್ತವನ್ನು ಸಿಪ್ಪೆಸಹಿತ ಬೇಯಿಸಿ ಒಣಗಿಸುವಾಗ ತೌಡಿನ ಪದರದಲ್ಲಿರುವ ಬಿ ಜೀವಸತ್ವಗಳ ಒಂದಂಶ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ಮೆರುಗು ಕೊಟ್ಟರೂ ಅದು ಪೂರ್ತಿಯಾಗಿ ನಷ್ಟವಾಗುವುದಿಲ್ಲ. ಇಂಥ ಅಕ್ಕಿಯನ್ನು ಬಸಿಯದೆ, ನೀರುಸಹಿತ ಗಂಜಿಯಾಗಿ ಉಣ್ಣುತ್ತಿದ್ದ ಕೃಷಿಕಾರ್ಮಿಕ ಅರಿಯದೆಯೇ ನೀರಿಗಿಳಿದ ಸತ್ವವನ್ನೂ ಉಳಿಸಿಕೊಳ್ಳುತ್ತಿದ್ದ. ಇಂದು ಅದೇ ಮನೆಗೆ ಬರುವುದು ಹಲ್ಲಿನಷ್ಟು ಬೆಳ್ಳಗಿನ ಅಕ್ಕಿ. ಅನ್ನ ಮಾಡುವಾಗ ಅದರ ತಿಳಿಯೂ ಬಚ್ಚಲಿಗೆ.

ಮಿಲ್ಲಿನಲ್ಲಿ ತೌಡು ಕಳೆದು, ಅನಂತರ ಕಾರ್ಖಾನೆಯಲ್ಲಿ ತಯಾರಿಸಿದ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕೃತಕ ಕಾಳನ್ನು ಬೆರೆಸಿ 'ಸಾರವರ್ಧಿತ ಅಕ್ಕಿ' ಎಂದು ಹಂಚುವ ಯೋಜನೆಯನ್ನು ಕೇಂದ್ರ ಸರಕಾರ 2021ರಲ್ಲಿ ಘೋಷಿಸಿ 2024ರ ವೇಳೆಗೆ ಪಡಿತರಕ್ಕೆಲ್ಲ ವಿಸ್ತರಿಸಿತು. ತೆಗೆಯುವುದಕ್ಕೊಂದು ಯಂತ್ರ, ಮರಳಿ ಹಾಕುವುದಕ್ಕೊಂದು ಯಂತ್ರ. ಎರಡರ ಖರ್ಚನ್ನೂ ಕೊಡುವವನು ಉಣ್ಣುವವನೇ.

ಎರಡನೆಯ ನಷ್ಟ ಗಂಜಿಯ ಪಕ್ಕದ್ದು. ಬರಿಯ ಗಂಜಿ ಎಂದೂ ಪೂರ್ಣಾಹಾರವಾಗಿರಲಿಲ್ಲ. ಅದಕ್ಕೆ ಜೀವ ಕೊಡುತ್ತಿದ್ದುದು ಜೊತೆಗಿರುತ್ತಿದ್ದ ಹುರುಳಿ ಚಟ್ನಿ, ಒಣಮೀನು, ಒಂದೆಲಗದ ತಂಬುಳಿ, ನೆಲ್ಲಿಕಾಯಿ, ಮಜ್ಜಿಗೆ, ಕೆಸುವಿನ ಸೊಪ್ಪು. ಇವುಗಳಲ್ಲಿ ಹೆಚ್ಚಿನವು ಅಂಗಡಿಯಿಂದ ಬರುತ್ತಿರಲಿಲ್ಲ. ಗದ್ದೆಯ ಬದು, ಬೇಣ, ತೋಟದ ಹಾಳಿ, ಹಳ್ಳದ ದಂಡೆ ಇವೇ ಅದರ ಭಂಡಾರವಾಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಕುಮರಿ ಬೇಸಾಯಕ್ಕೆ ನಿರ್ಬಂಧ ಹೇರಿದಾಗ ಬೆಟ್ಟದ ಜನರ ರಾಗಿ, ಸಾಮೆಗಳಿಗೆ ಮೊದಲ ಪೆಟ್ಟು ಬಿತ್ತು. ಬೇಣಗಳಲ್ಲಿ ಅಕೇಶಿಯಾ ನೆಟ್ಟಾಗ ಸೊಪ್ಪು ಹೋಯಿತು. ಗದ್ದೆಗಳು ಅಡಿಕೆ ತೋಟಗಳಾದಾಗ ಭತ್ತವೂ, ಭತ್ತದ ಕೊಯ್ಲಿನ ನಂತರ ಅಲ್ಲಿ ಬೆಳೆಯುತ್ತಿದ್ದ ಹುರುಳಿ, ಉದ್ದು, ಹೆಸರುಗಳೂ ಹೋದವು. ಅಡಿಕೆಗೆ ದರ ಬಂದ ವರ್ಷ ಮನೆಯ ಮುಂದೆ ಹೊಸ ಬೈಕು ನಿಲ್ಲುತ್ತದೆ, ಸರಿ. ಆದರೆ ಅಡಿಕೆಯನ್ನು ಬೇಯಿಸಿ ಉಣ್ಣಲಾಗುವುದಿಲ್ಲ. ಮಕ್ಕಳ ತಟ್ಟೆಯ ಪೌಷ್ಟಿಕತೆಯನ್ನು ಚರ್ಚಿಸುವಾಗ ಭೂಬಳಕೆಯ ಈ ಕಥೆಯನ್ನು ಬಿಟ್ಟು ಬರಿಯ ಜೀವಸತ್ವಗಳ ಪಟ್ಟಿ ಹೇಳುವುದು ಅರ್ಧಸತ್ಯ.

ಖಾಲಿಯಾದ ಈ ಜಾಗಕ್ಕೆ ಬಂದದ್ದು ಪೊಟ್ಟಣ. ಐದು ರೂಪಾಯಿಯ ಬಿಸ್ಕತ್ತಿನಲ್ಲಿರುವುದು ಮುಖ್ಯವಾಗಿ ಮೈದಾ, ಸಕ್ಕರೆ, ತಾಳೆಎಣ್ಣೆ. ಹಾಲಿಗೆ ಬೆರೆಸುವ ಪುಡಿಯ ಡಬ್ಬಿಗಳ ಕಥೆ ಇನ್ನೂ ಸ್ವಾರಸ್ಯಕರ. ದಶಕಗಳ ಕಾಲ 'ಆರೋಗ್ಯ ಪಾನೀಯ' ಎಂಬ ಹೆಸರಿನಲ್ಲಿ ಮಾರಾಟವಾದ ಈ ಪುಡಿಗಳನ್ನು ಆ ಶೀರ್ಷಿಕೆಯಡಿ ತೋರಿಸಬಾರದೆಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚಿಸಬೇಕಾಯಿತು. ದೇಶದ ಆಹಾರ ಸುರಕ್ಷತಾ ಕಾಯಿದೆಯಲ್ಲಿ 'ಆರೋಗ್ಯ ಪಾನೀಯ' ಎಂಬ ವರ್ಗವೇ ಇಲ್ಲ ಎಂಬುದು ಆಗ ಬಹಿರಂಗವಾಗಿ ಚರ್ಚೆಗೆ ಬಂತು. ಆದರೆ ಸೂಚನೆ ಹೋದದ್ದು ಆನ್‌ಲೈನ್ ಕಂಪನಿಗಳಿಗೆ. ಬೆಟ್ಟದ ಕಿರಾಣಿ ಅಂಗಡಿಯ ಗಾಜಿನ ಹಿಂದೆ, ಎತ್ತರವಾಗಿ ಬೆಳೆದ ಮಗುವಿನ ಚಿತ್ರದೊಂದಿಗೆ ಕುಳಿತ ಡಬ್ಬಿಯನ್ನು ನೋಡುವ ತಾಯಿಗೆ ಇದನ್ನು ಯಾರು ತಿಳಿಸಬೇಕು?

ಈಗ ರಾಗಿಯ ಮಾತು. ಮಲೆನಾಡಿನ ಹೆಚ್ಚಿನ ಭಾಗ ಅಕ್ಕಿಯ ಸೀಮೆ; ರಾಗಿ ಬಯಲುಸೀಮೆಯ ರಾಜ. ಆದರೂ ಕರ್ನಾಟಕ ದೇಶದಲ್ಲಿಯೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯವಾಗಿರುವಾಗ, ಘಟ್ಟದ ಮೇಲಿನ ಮನೆಗಳು ಅದನ್ನು ದೂರವಿಡಲು ಕಾರಣವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಮೂ ಇಲ್ಲ. ನಾರಿನಂಶವೂ ಹಲವು ಪಟ್ಟು ಹೆಚ್ಚು. ಪ್ರೋಟೀನಿನ ವಿಷಯದಲ್ಲಿ ಮಾತ್ರ ರಾಗಿಯನ್ನು ಅತಿಯಾಗಿ ಹೊಗಳುವಂತಿಲ್ಲ: ಅದರಲ್ಲಿರುವುದು ಅಕ್ಕಿಯಷ್ಟೇ, 100 ಗ್ರಾಮಿಗೆ ಏಳೆಂಟು ಗ್ರಾಂ. ಆ ಕೊರತೆಯನ್ನು ತುಂಬುವುದು ಹುರುಳಿ. ಅದರಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಕಾಳಿನಲ್ಲಿ ಹೆಚ್ಚಿದೆ, ಬೇಳೆಕಾಳಿನಲ್ಲಿ ಕಡಿಮೆಯಿರುವ ಮಿಥಿಯೊನಿನ್ ಧಾನ್ಯದಲ್ಲಿದೆ. ದೋಸೆಹಿಟ್ಟಿಗೆ ಅಕ್ಕಿಯ ಜೊತೆ ಉದ್ದು ಹಾಕಿದ ಅಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಅಷ್ಟೇ.

2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದರ ಫಲವಾಗಿ ನಗರಗಳ ಅಂಗಡಿಗಳಲ್ಲಿ ರಾಗಿ ಕುಕ್ಕಿ, ಸಾಮೆ ನೂಡಲ್ಸ್, ನವಣೆ ಚಿಪ್ಸುಗಳು ಚೆಂದದ ಪೊಟ್ಟಣಗಳಲ್ಲಿ ಬಂದು ಕುಳಿತವು. ಬಡವರ ಧಾನ್ಯ ಶ್ರೀಮಂತರ ತಿಂಡಿಯಾದ ಈ ಪರಿವರ್ತನೆಯಲ್ಲಿ ಹಳ್ಳಿಯವರು ಗಾಬರಿಪಡಬೇಕಾದುದೇನೂ ಇಲ್ಲ. ಪೊಟ್ಟಣವನ್ನು ಬಿಟ್ಟು ಕಾಳನ್ನು ಕೊಂಡರೆ ಲೆಕ್ಕ ಬೇರೆಯೇ ಆಗುತ್ತದೆ. 2025-26ರ ಮುಂಗಾರಿಗೆ ರಾಗಿಗೆ ನಿಗದಿಯಾದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ 49 ರೂಪಾಯಿಗಿಂತ ತುಸು ಕಡಿಮೆ. ಅಂಗಡಿಯಲ್ಲಿ 60 ರೂಪಾಯಿ ಎಂದು ಹಿಡಿದರೂ ಒಂದು ದೊಡ್ಡ ಲೋಟ ಅಂಬಲಿಗೆ ಬೇಕಾಗುವ 30 ಗ್ರಾಂ ಹಿಟ್ಟಿನ ಬೆಲೆ ಒಂದು ರೂಪಾಯಿ ಎಂಬತ್ತು ಪೈಸೆ. ಅದರೊಳಗಿನ ಸುಣ್ಣದ ಅಂಶ ನೂರು ಮಿಲಿಗ್ರಾಮಿಗೂ ಮೇಲು. ಮಜ್ಜಿಗೆ ಮನೆಯದಾದರೆ ಮೂರು ರೂಪಾಯಿಯೊಳಗೆ ಒಬ್ಬರ ಅಂಬಲಿ ಮುಗಿಯುತ್ತದೆ.

ರಾಗಿಯನ್ನು ಹಾಗೆಯೇ ಬೀಸುವುದಕ್ಕಿಂತ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಲಾಭ ಹೆಚ್ಚು. ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ, ಸುಣ್ಣಗಳನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ. ಮೊಳಕೆಯೊಡೆಯುವಾಗ, ಹಿಟ್ಟು ಹುಳಿ ಬರುವಾಗ ಅದು ಕಡಿಮೆಯಾಗುತ್ತದೆ. ಇನ್ನೊಂದು ಉಪಕಾರವೂ ಇದೆ. ಮೊಳಕೆಯ ಹಿಟ್ಟಿನ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಅಂಬಲಿ ಅಂಟುಗಟ್ಟದೆ ತೆಳ್ಳಗಿರುತ್ತದೆ; ಹೀಗಾಗಿ ಚಿಕ್ಕ ಹೊಟ್ಟೆಯ ಮಗುವೂ ಹೆಚ್ಚು ಹಿಟ್ಟು ಸೇರಿದ ಅಂಬಲಿಯನ್ನು ಸಲೀಸಾಗಿ ಕುಡಿಯಬಲ್ಲದು. ಇದಕ್ಕೆ ಬೆಲ್ಲವನ್ನು ಸುರಿಯುವ ರೂಢಿ ಮಾತ್ರ ಬೇಡ. ಬೆಲ್ಲ ಪವಿತ್ರ, ಸಕ್ಕರೆ ಪಾಪ ಎಂಬ ನಂಬಿಕೆ ಪರಿಸರವಾದಿಗಳಲ್ಲಿಯೇ ಬಲವಾಗಿದೆ. ದೇಹದ ಲೆಕ್ಕದಲ್ಲಿ ಬೆಲ್ಲವೂ ಬಹುಪಾಲು ಸಕ್ಕರೆಯೇ. ಉಪ್ಪು, ಮಜ್ಜಿಗೆ, ಜಜ್ಜಿದ ಜೀರಿಗೆ ಸಾಕು.

ಅಕ್ಕಿಯ ಮನೆಗಳಿಗೆ ಇನ್ನೂ ಸರಳ ದಾರಿಯಿದೆ. ರಾತ್ರಿಯ ಅಡುಗೆ ಮುಗಿದ ಮೇಲೆ ಒಲೆಯ ಕೆಂಡದ ಮೇಲೆ ಕುಚ್ಚಲಕ್ಕಿ ಗಂಜಿಯ ಪಾತ್ರೆ ಇಟ್ಟರೆ ಬೆಳಿಗ್ಗೆಗೆ ಬೆಂದಿರುತ್ತದೆ. ಹೊಸ ಸೌದೆ ಬೇಡ. ಬೆಳಿಗ್ಗೆ ಒಮ್ಮೆ ಕುದಿ ಬರಿಸಿ, ಬೇಯಿಸಿದ ಮೊಳಕೆ ಹುರುಳಿ ಒಂದು ಹಿಡಿ, ಒಂದೆಲಗವೋ ನೆಲ್ಲಿಕಾಯಿಯೋ ಹಾಕಿದ ತಂಬುಳಿ ಒಂದು ಸೌಟು ಬಡಿಸಿದರೆ ಉಪಾಹಾರ ಸಿದ್ಧ. ಇಲ್ಲಿ ನೆಲ್ಲಿಕಾಯಿ ಬರಿಯ ರುಚಿಗಲ್ಲ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುವಂಥದ್ದಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಅದು ಸೇರುವ ಪ್ರಮಾಣ ಹೆಚ್ಚುತ್ತದೆ. ನೆಲ್ಲಿ ಸಿಗದ ಕಾಲದಲ್ಲಿ ಲಿಂಬೆ, ಪೇರಲೆ ಸಾಕು. ಇದಕ್ಕೆ ನೇರ ವಿರುದ್ಧ ಕೆಲಸ ಮಾಡುವುದು ಚಹಾ. ಅದರ ಒಗರಿನ ಟ್ಯಾನಿನ್ ಕಬ್ಬಿಣವನ್ನು ತಡೆಯುತ್ತದೆ. ಚಹಾವನ್ನು ಬಿಡಿ ಎಂದು ಮಲೆನಾಡಿಗರಿಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಹೇಳುವವರೂ ಚಹಾ ಕುಡಿದೇ ಹೇಳುತ್ತಿರುತ್ತಾರೆ. ಉಣ್ಣುವ ಹೊತ್ತಿಗೂ ಚಹಾಕ್ಕೂ ಒಂದು ತಾಸಿನ ಅಂತರವಿರಲಿ ಎಂದರೆ ಒಪ್ಪಬಹುದು. ಮಕ್ಕಳಿಗೆ ಮತ್ತು ಬಸುರಿಯರಿಗೆ ಮಾತ್ರ ತಿಂಡಿಯ ಜೊತೆ ಚಹಾ ಖಂಡಿತ ಬೇಡ. ಕೊತ್ತಂಬರಿ–ಜೀರಿಗೆಯ ಕಷಾಯ ಇದ್ದೇ ಇದೆ.

ಋತುವಿಗೆ ತಕ್ಕ ಬದಲಾವಣೆಯನ್ನು ಬೆಟ್ಟವೇ ಕಲಿಸುತ್ತದೆ. ಬೇಸಗೆಯಲ್ಲಿ ಹಲಸಿನ ತೊಳೆ ಅರೆದ ದೋಸೆ, ಮಳೆಗಾಲದಲ್ಲಿ ಬೇಯಿಸಿದ ಹಲಸಿನ ಬೀಜ, ಆಷಾಢದಲ್ಲಿ ಪತ್ರೊಡೆ, ದೀಪಾವಳಿಯ ಹೊತ್ತಿಗೆ ಮೊಗೆಕಾಯಿ ತೆಳ್ಳೇವು, ಚಳಿಗಾಲದಲ್ಲಿ ಗೆಡ್ಡೆಗೆಣಸು. ಜೋಯಿಡಾದ ಕುಣಬಿ ಸಮುದಾಯದವರು ನಡೆಸಿಕೊಂಡು ಬಂದಿರುವ ಗೆಡ್ಡೆಗೆಣಸು ಮೇಳವನ್ನು ಕಂಡವರಿಗೆ, ಅಲ್ಲಿ ರಾಶಿ ಬೀಳುವ ಆಳೆತ್ತರದ ಕೆಸುವಿನ ಗೆಡ್ಡೆಗಳನ್ನೂ ಕಾಡುಗೆಣಸುಗಳನ್ನೂ ನೋಡಿದವರಿಗೆ, ಕಾಡಂಚಿನ ಬಡವರ ಹಿತ್ತಿಲು ಎಷ್ಟು ಶ್ರೀಮಂತವಾಗಿರಬಲ್ಲದು ಎಂಬುದನ್ನು ವಿವರಿಸಬೇಕಾಗಿಲ್ಲ. ಹಿತ್ತಿಲಲ್ಲಿ ಒಂದು ನುಗ್ಗೆ, ಒಂದು ಬಸಳೆ ಚಪ್ಪರ, ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ ಇದ್ದರೆ ವರ್ಷದ ಬಹುಪಾಲು ಸೊಪ್ಪಿಗೆ ಕೊರತೆಯಿಲ್ಲ. ಕಾಡಿನಿಂದ ತರುವಾಗ ಮಾತ್ರ ಬಲ್ಲವರ ಜೊತೆಯಿರಬೇಕು. ಕಳಲೆಯನ್ನು ನೀರು ಬದಲಿಸಿ ನೆನೆಸದೆ ಉಣ್ಣಬಾರದು, ಕೆಸುವಿಗೆ ಹುಳಿ ಬೀಳಲೇಬೇಕು, ಗುರುತಿಲ್ಲದ ಅಣಬೆಯನ್ನು ಮುಟ್ಟಬಾರದು.

ಇಷ್ಟೆಲ್ಲ ಬರೆಯುವಾಗ ಎದುರಾಗುವ ಪ್ರಶ್ನೆಯೊಂದಿದೆ: ಮಾಡುವವರು ಯಾರು? ನೆನೆಹಾಕುವುದು, ಬೀಸುವುದು, ಅರೆಯುವುದು, ಸೊಪ್ಪು ಕೊಯ್ಯುವುದು, ಒಲೆ ಊದುವುದು ಎಲ್ಲವನ್ನೂ ಮೌನವಾಗಿ ಹೆಂಗಸರ ಹೆಸರಿಗೆ ಬರೆದು, 'ಮನೆಯಡುಗೆಯೇ ಶ್ರೇಷ್ಠ' ಎಂದು ಭಾಷಣ ಮಾಡುವ ಗಂಡಸರ ಸಂಖ್ಯೆ ಪರಿಸರ ಸಂಘಟನೆಗಳಲ್ಲಿ ಕಡಿಮೆಯೇನಿಲ್ಲ. ನಾಲ್ಕೂವರೆಗೆ ಎದ್ದು ಹಾಲು ಕರೆದು, ಕೊಟ್ಟಿಗೆ ಬಳಿದು, ಏಳಕ್ಕೆ ಕೂಲಿಗೆ ಹೊರಡಬೇಕಾದವಳ ಪಾಲಿಗೆ ಬಿಸ್ಕತ್ತಿನ ಪೊಟ್ಟಣ ಹತ್ತು ನಿಮಿಷದ ವಿಶ್ರಾಂತಿ. ಆ ಹತ್ತು ನಿಮಿಷವನ್ನು ಅವಳಿಂದ ಕಿತ್ತುಕೊಳ್ಳುವ ಯಾವ ಆಹಾರ ಚಳವಳಿಯೂ ಉಳಿಯಲಾರದು. ಹುರುಳಿ ನೆನೆಹಾಕಲು, ಅಂಬಲಿ ತಿರುವಲು, ನೆಲ್ಲಿಕಾಯಿ ಜಜ್ಜಲು ಗಂಡಸಿನ ಕೈಗೂ ಬರುತ್ತದೆ. ಹನ್ನೆರಡು ವರ್ಷದ ಹುಡುಗನ ಕೈಗೂ ಬರುತ್ತದೆ. ಮೊಳಕೆ ರಾಗಿಯ ಹುರಿಹಿಟ್ಟನ್ನು ಸ್ವಸಹಾಯ ಸಂಘಗಳು ತಿಂಗಳಿಗೊಮ್ಮೆ ಒಟ್ಟಾಗಿ ತಯಾರಿಸಿ ಹಂಚಿಕೊಂಡರೆ ಮನೆಮನೆಯ ದುಡಿಮೆ ಉಳಿಯುತ್ತದೆ. ಪೇಟೆಯಲ್ಲಿ ಕೋಣೆ ಹಿಡಿದು ಓದುವ ವಿದ್ಯಾರ್ಥಿಗಳಿಗೂ ಅನುಕೂಲವಾಗುವುದು ಇದೇ ಹಿಟ್ಟು. ಬಿಸಿನೀರು ಕಾಯಿಸುವ ಸೌಕರ್ಯವಿದ್ದರೆ ಐದು ನಿಮಿಷದ ಕೆಲಸ. ಬಾಳೆಹಣ್ಣೊಂದು, ಹುರಿದ ಶೇಂಗಾ ಒಂದು ಹಿಡಿ ಜೊತೆಗಿದ್ದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ.

ಮನೆಗಳ ಮೇಲೆಯೇ ಎಲ್ಲವನ್ನೂ ಹೊರಿಸುವುದೂ ನ್ಯಾಯವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಯಲ್ಲಿ ಬಿಸಿಯೂಟದ ಜೊತೆಗೆ ಬೆಳಗಿನ ಉಪಾಹಾರವೂ ಇರಬೇಕೆಂದು ಹೇಳಿತು. ಹೇಳಿದ್ದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಪಕ್ಕದ ತಮಿಳುನಾಡು. 2022ರ ಸೆಪ್ಟೆಂಬರ್ 15ರಂದು ಮದುರೆಯಲ್ಲಿ ಆರಂಭವಾದ ಮುಖ್ಯಮಂತ್ರಿಗಳ ಉಪಾಹಾರ ಯೋಜನೆ ಮೊದಲು 1,545 ಶಾಲೆಗಳಲ್ಲಿ ನಡೆಯಿತು. 2023ರ ಆಗಸ್ಟಿನಲ್ಲಿ ಸುಮಾರು 31 ಸಾವಿರ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಉಪ್ಪಿಟ್ಟು, ಕಿಚಡಿ, ಪೊಂಗಲ್, ಜೊತೆಗೆ ತರಕಾರಿ ಸಾಂಬಾರು. ಹಳ್ಳಿಗಳಲ್ಲಿ ಅಡುಗೆ ಮಾಡುವವರು ಸ್ವಸಹಾಯ ಸಂಘದ ಮಹಿಳೆಯರು, ಸಂಬಳಕ್ಕೆ. ಕರ್ನಾಟಕವೂ ಸುಮ್ಮನೆ ಕುಳಿತಿಲ್ಲ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು; 2024ರ ಫೆಬ್ರುವರಿಯಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಹಾಲಿಗೆ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಬೆರೆಸುವ ಕಾರ್ಯಕ್ರಮ ಆರಂಭವಾಯಿತು. ಒಳ್ಳೆಯ ಹೆಜ್ಜೆ. ಆದರೆ ಒಂದು ಲೋಟ ಪೇಯ ಮೂರು ಕಿಲೋಮೀಟರ್ ನಡೆದು ಬಂದ ಮಗುವಿಗೆ ಉಪಾಹಾರವಾಗಲಾರದು. ಪುಡಿ ಬರುವುದು ಎಲ್ಲಿಂದಲೋ. ಅದೇ ತಾಲೂಕಿನ ರೈತನ ಹುರುಳಿ, ಬಾಳೆ, ಹಲಸುಗಳಿಗೆ ಆ ಲೋಟದಲ್ಲಿ ಜಾಗವಿಲ್ಲ. ಬೆಟ್ಟದ ತಾಲೂಕುಗಳ ಶಾಲೆಗಳಿಗೆ, ಅಂಗನವಾಡಿಗಳಿಗೆ ಸ್ಥಳೀಯವಾಗಿ ಕೊಳ್ಳುವ ಅಧಿಕಾರವನ್ನು ಕೊಟ್ಟು, ಅಡುಗೆಯವರಿಗೆ ಬೆಳಗಿನ ಎರಡು ತಾಸಿನ ಕೆಲಸಕ್ಕೆ ಪ್ರತ್ಯೇಕ ಗೌರವಧನ ನಿಗದಿಪಡಿಸಿದರೆ ಬೇಣದ ಸೊಪ್ಪಿಗೂ ಗದ್ದೆಯ ಹುರುಳಿಗೂ ಮತ್ತೊಮ್ಮೆ ಬೆಲೆ ಬಂದೀತು. ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಬರೆಸಿ ನಡವಳಿ ಪುಸ್ತಕಕ್ಕೆ ಸೇರಿಸುವ ಕೆಲಸವನ್ನು ಪಾಲಕರು ಮಾಡಬಹುದು. ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಎಷ್ಟು ಮಕ್ಕಳು ಏನು ತಿಂದು ಶಾಲೆಗೆ ಹೋಗುತ್ತಾರೆಂಬುದನ್ನು ಒಂದು ವಾರ ಬರೆದಿಟ್ಟು ಆ ಸಭೆಯ ಮುಂದೆ ಇಡಬಹುದು.

ಅಷ್ಟರವರೆಗೆ ಮನೆಯಲ್ಲಿ ಆಗುವ ಕೆಲಸವಿದೆ. ಭಾನುವಾರ ರಾತ್ರಿ ನೆನೆಹಾಕಿದ ಹುರುಳಿಯನ್ನು ಸೋಮವಾರ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕದ ಬೆಚ್ಚಗಿನ ಮೂಲೆಯಲ್ಲಿಟ್ಟರೆ ಮಂಗಳವಾರಕ್ಕೆ ಮೊಳಕೆ ಕಾಣುತ್ತದೆ. ಜಡಿಮಳೆಯ ಥಂಡಿಯಲ್ಲಿ ಇನ್ನೊಂದು ದಿನ ಹಿಡಿಯಬಹುದು.